ಪೈಥಾನಿನಿಂದ ಸಿ ಭಾಷೆಗೆ: ಶಾಸನಾಭ್ಯಾಸಿಗಳ ದೃಷ್ಟಿಯಿಂದ ಒಂದು ವಿವೇಚನೆ

ಚರಿತ್ರೆಯ ಅಧ್ಯಯನದಲ್ಲಿ ಕಂಪ್ಯೂಟರಿನ ಉಪಯೋಗವು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಶಾಸನಗಳ ಸೂಚಿಯನ್ನು ಸಿದ್ಧಪಡಿಸುವುದು, ಶಕವರ್ಷಗಳನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವುದು, ಒಂದು ಸ್ಥಳನಾಮವು ಯಾವ ಯಾವ ಶಾಸನಗಳಲ್ಲಿ ಬಂದಿದೆಯೆಂದು ಹುಡುಕುವುದು ಮೊದಲಾದ ಕೆಲಸಗಳಿಗಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಪೈಥಾನ್ ಭಾಷೆಯನ್ನು ತಕ್ಕಮಟ್ಟಿಗೆ ಕಲಿತುಕೊಂಡಿದ್ದಾರೆ. ಸ್ಕ್ರಿಪ್ಟಿಂಗ್ ಭಾಷೆಗಳೆಂದು ಕರೆಯಲ್ಪಡುವ ವರ್ಗಕ್ಕೆ ಸೇರಿದ ಭಾಷೆಯಿದು. ಇದರಲ್ಲಿ ನಾವು ಬರೆದ ಸೂಚನೆಗಳನ್ನು ಮತ್ತೊಂದು ಪ್ರೋಗ್ರಾಮು ಓದಿಕೊಂಡು, ಯಂತ್ರದೊಡನೆ ತಾನೇ ವ್ಯವಹರಿಸಿ, ಫಲವನ್ನು ಮಾತ್ರ ನಮಗೆ ಒಪ್ಪಿಸುತ್ತದೆ. ಯಂತ್ರದ ಮೆಮೊರಿಯಲ್ಲಿ ಯಾವ ಅಂಕಿ ಎಲ್ಲಿ ಕುಳಿತಿದೆ, ಅದು ಎಷ್ಟು ಸ್ಥಳವನ್ನು ಆಕ್ರಮಿಸಿದೆ ಎಂಬ ಚಿಂತೆ ಬರೆಯುವವನಿಗೆ ಇರುವುದಿಲ್ಲ. ಸಿ ಭಾಷೆಯಲ್ಲಾದರೋ ಈ ಚಿಂತೆಯೆಲ್ಲವೂ ಬರೆಯುವವನದೇ. ಅಲ್ಲಿ ಬರೆದುದನ್ನು ಕಂಪೈಲರ್ ಎಂಬ ಪ್ರೋಗ್ರಾಮು ಮೊದಲು ಯಂತ್ರದ ಸೂಚನೆಗಳನ್ನಾಗಿ ಪರಿವರ್ತಿಸುತ್ತದೆ. ಆ ಬಳಿಕ ಯಂತ್ರಕ್ಕೂ ನಮಗೂ ನಡುವೆ ಮಧ್ಯವರ್ತಿಗಳು ಹೆಚ್ಚು ಮಂದಿ ಇರುವುದಿಲ್ಲ.

ಪೈಥಾನಿನಲ್ಲಿ ಕೈಯಾಡಿಸಿದ ಚರಿತ್ರೆಯ ವಿದ್ಯಾರ್ಥಿಯು ಸಿ ಭಾಷೆಯನ್ನು ಕಲಿಯಬೇಕೆ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ವೇಗಕ್ಕಾಗಿ ಕಲಿಯಬೇಕೆಂಬುದು ಸಾಮಾನ್ಯವಾದ ಉತ್ತರ. ಈ ಉತ್ತರವು ನಮಗೆ ಸಮಾಧಾನವನ್ನುಂಟುಮಾಡುವುದಿಲ್ಲ. ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ಶಾಸನಗಳು ಒಟ್ಟು ಸುಮಾರು ಒಂಬತ್ತು ಸಾವಿರ. ಇಷ್ಟು ಶಾಸನಗಳ ಕಾಲವನ್ನು ಗಣಿಸಲು ಪೈಥಾನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗದು. ಇದಕ್ಕಿಂತ ಬೇಗ ಮುಗಿದು ನಮಗೆ ಆಗಬೇಕಾದುದೇನೂ ಇಲ್ಲ. ಕಲಿಯುವುದಕ್ಕೆ ಬೇರೊಂದು ಕಾರಣವುಂಟು. ಸುಲಭವಾದ ಭಾಷೆಯು ನಮ್ಮ ಪರವಾಗಿ ಅನೇಕ ತೀರ್ಮಾನಗಳನ್ನು ನಮಗೆ ತಿಳಿಸದೆಯೇ ಮಾಡಿರುತ್ತದೆ. ಕೆಳಸ್ತರದ ಭಾಷೆಯು ಆ ತೀರ್ಮಾನಗಳನ್ನು ಮರಳಿ ನಮ್ಮ ಕೈಗೆ ಕೊಡುತ್ತದೆ. ಮುದ್ರಿತ ಪಾಠವನ್ನಷ್ಟೇ ಓದಿದವನು ಮೊದಲ ಬಾರಿ ಕಲ್ಲಿನ ಅಚ್ಚಿನ ಮುಂದೆ ಕುಳಿತಾಗ, ಸಂಪಾದಕನು ಎಷ್ಟು ಕಡೆ ಊಹಿಸಿ ತುಂಬಿದ್ದಾನೆಂಬುದು ಅವನಿಗೆ ಕಾಣಿಸತೊಡಗುವುದಷ್ಟೆ, ಇದೂ ಹಾಗೆಯೇ.

ಈ ಎರಡು ಭಾಷೆಗಳ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. ಸಿ ಭಾಷೆಯನ್ನು ಡೆನಿಸ್ ರಿಚಿ ಎಂಬಾತನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೭೨ರ ಸುಮಾರಿಗೆ ರೂಪಿಸಿದನು. ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಬರೆಯುವುದು ಅದರ ಮೊದಲ ಉಪಯೋಗಗಳಲ್ಲೊಂದು. ಡಚ್ಚನಾದ ಗೀಡೊ ಫಾನ್ ರಾಸಮ್ ಪೈಥಾನನ್ನು ಲೋಕಕ್ಕೆ ನೀಡಿದುದು ೧೯೯೧ರಲ್ಲಿ. ನಮ್ಮಲ್ಲಿ ಬಳಕೆಯಲ್ಲಿರುವ ಪೈಥಾನ್ ತಾನೇ ಸಿ ಭಾಷೆಯಲ್ಲಿ ಬರೆಯಲ್ಪಟ್ಟ ಒಂದು ಪ್ರೋಗ್ರಾಮು ಎಂಬುದನ್ನು ವಾಚಕರು ಗಮನಿಸಬೇಕು. ಎಂದಮೇಲೆ, ಪೈಥಾನ್ ಬಲ್ಲವನು ಸಿ ಭಾಷೆಗೆ ಹೋಗುವುದು ಪರದೇಶಕ್ಕೆ ಹೋದಂತಲ್ಲ, ತಾನು ವಾಸಿಸುತ್ತಿರುವ ಮನೆಯ ಅಸ್ತಿಭಾರವನ್ನು ಇಳಿದು ನೋಡಿದಂತೆ.

ವಿಷಯವನ್ನು ಉದಾಹರಣೆಯಿಂದಲೇ ವಿವರಿಸುವುದು ಲೇಸು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನಲ್ಲಿ, ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ, ಅಜ್ಜಂಪುರವನ್ನು ದಾಟಿದ ಮೇಲೆ ದೊರೆಯುವ ಊರು ಶಿವನಿ. ಈ ಊರಿನ ಸುತ್ತಲಿನ ಶಾಸನಗಳಿಗೆ ಸೂಚಿಯೊಂದನ್ನು ನಾವು ವಿದ್ಯಾರ್ಥಿಗಳೊಡನೆ ಸಿದ್ಧಪಡಿಸುತ್ತಿದ್ದೇವೆ. ೧೯೦೧ರಲ್ಲಿ ಹೊರಬಂದ ರೈಸರ ಆರನೆಯ ಸಂಪುಟದಲ್ಲಿ ಈ ಪ್ರದೇಶವು ಕಡೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದೆ. ಕಡೂರು ಜಿಲ್ಲೆಗೆ ೧೯೪೭ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂಬ ಹೆಸರಾಯಿತು. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದುದು ತೀರ ಈಚೆಗೆ. ಸೂಚಿಯಲ್ಲಿ ಪ್ರತಿಯೊಂದು ಶಾಸನದ ಶಕವರ್ಷಕ್ಕೂ ಅದರ ಸಂವತ್ಸರದ ಹೆಸರನ್ನು ಗಣಿಸಿ ಬರೆಯಬೇಕಾಗಿದೆ. ಕಲ್ಲಿನಲ್ಲಿರುವ ಸಂವತ್ಸರಕ್ಕೂ ಗಣಿತದಿಂದ ಬಂದ ಸಂವತ್ಸರಕ್ಕೂ ತಾಳೆಯಾಗದಿದ್ದರೆ, ಶಾಸನದ ಪಾಠವನ್ನೋ ಅದರ ಸತ್ಯತೆಯನ್ನೋ ಪುನಃ ಪರೀಕ್ಷಿಸಬೇಕಾಗುತ್ತದೆ. ಆದುದರಿಂದ ಈ ಗಣನೆಯಲ್ಲಿ ತಪ್ಪು ನುಸುಳಿದರೆ ನಿರ್ದೋಷವಾದ ಶಾಸನವೊಂದು ಕೂಟಶಾಸನವೆನ್ನಿಸಿಕೊಳ್ಳುವ ಅಪಾಯವಿದೆ.

ಅರುವತ್ತು ಸಂವತ್ಸರಗಳ ಚಕ್ರವು ಪ್ರಭವದಿಂದ ಮೊದಲಾಗುತ್ತದೆ. ಈಚಿನ ಪ್ರಭವವು ಶಕವರ್ಷ ೧೯೦೯, ಅಂದರೆ ೧೯೮೭ರ ಯುಗಾದಿಯಿಂದ ಪ್ರಾರಂಭವಾದುದು. ಹೀಗಾಗಿ, ಬೇಕಾದ ಶಕವರ್ಷದಿಂದ ೧೯೦೯ನ್ನು ಕಳೆದು, ಉಳಿದುದನ್ನು ೬೦ರಿಂದ ಭಾಗಿಸಿ, ಬಂದ ಶೇಷವನ್ನು ಹಿಡಿದು ಹೆಸರುಗಳ ಪಟ್ಟಿಯಲ್ಲಿ ನೋಡುವುದು ಯಾರಿಗಾದರೂ ಸಹಜವಾಗಿ ಹೊಳೆಯುವ ಕ್ರಮ. ಕಂಪ್ಯೂಟರಿನಲ್ಲಿ ಪಟ್ಟಿಯ ಮೊದಲ ಸ್ಥಾನಕ್ಕೆ ಸೊನ್ನೆಯೆಂದು ಸಂಖ್ಯೆ. ಪ್ರಭವ ಸೊನ್ನೆ, ಕಡೆಯದಾದ ಕ್ಷಯ ೫೯. ಶಕ ೧೯೪೬ನ್ನು ಕೊಟ್ಟರೆ ಶೇಷ ೩೭. ಆ ಸ್ಥಾನದಲ್ಲಿರುವುದು ಕ್ರೋಧಿ. ೨೦೨೪ರ ಯುಗಾದಿಗೆ ಬಂದ ಸಂವತ್ಸರವೂ ಅದೇ. ಪೈಥಾನಿನಲ್ಲಿ ಬರೆದರೂ ಸಿ ಭಾಷೆಯಲ್ಲಿ ಬರೆದರೂ ಉತ್ತರ ಒಂದೇ.

ಇನ್ನು ಪಂಪನ ಜನ್ಮವರ್ಷವನ್ನು ಪರೀಕ್ಷಿಸೋಣ. ಆದಿಕವಿಯು ದುಂದುಭಿ ಸಂವತ್ಸರದಲ್ಲಿ, ಕ್ರಿ. ಶ. ೯೦೨ರಲ್ಲಿ ಜನಿಸಿದನೆಂಬುದು ಸರ್ವವಿದಿತ. ಅದು ಶಕವರ್ಷ ೮೨೪. ಇದರಿಂದ ೧೯೦೯ನ್ನು ಕಳೆದರೆ ಋಣ ೧೦೮೫ ಬರುತ್ತದೆ. ಇದನ್ನು ೬೦ರಿಂದ ಭಾಗಿಸಿದಾಗ ಶೇಷವೆಷ್ಟು? ಪೈಥಾನ್ ೫೫ ಎನ್ನುತ್ತದೆ. ಆ ಸ್ಥಾನದಲ್ಲಿ ದುಂದುಭಿಯೇ ಇದೆ. ಸಿ ಭಾಷೆಯು ಋಣ ೫ ಎನ್ನುತ್ತದೆ. ಎರಡೂ ಗಣಿತಶಾಸ್ತ್ರಕ್ಕೆ ವಿರುದ್ಧವಾದುವಲ್ಲ. ಭಾಗಲಬ್ಧವನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ ಋಣ ೧೯ ಎಂದು ತೆಗೆದುಕೊಂಡರೆ ಶೇಷ ೫೫. ಸೊನ್ನೆಯ ಕಡೆಗೆ ಸರಿಸಿ ಋಣ ೧೮ ಎಂದು ತೆಗೆದುಕೊಂಡರೆ ಶೇಷ ಋಣ ೫. ಪೈಥಾನ್ ಮೊದಲನೆಯ ಪದ್ಧತಿಯನ್ನು ಅಂಗೀಕರಿಸಿದೆ. ಸಿ ಭಾಷೆಯಲ್ಲಿ ಬಹುಕಾಲ ಇದು ಕಂಪೈಲರನ್ನು ರಚಿಸಿದವರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ೧೯೯೯ರ ಪ್ರಮಾಣಗ್ರಂಥವು ಎರಡನೆಯ ಪದ್ಧತಿಯನ್ನು ಸ್ಥಿರಪಡಿಸಿತು.

ಇಷ್ಟರಿಂದಲೇ ವಿಷಯ ಮುಗಿಯಲಿಲ್ಲ. ಪೈಥಾನಿನ ಪಟ್ಟಿಯಲ್ಲಿ ಋಣ ೫ರ ಸ್ಥಾನವನ್ನು ಕೇಳಿದರೆ, ಅದು ಕಡೆಯಿಂದ ಐದನೆಯದನ್ನು ಕೊಡುತ್ತದೆ. ಅರುವತ್ತರ ಪಟ್ಟಿಯಲ್ಲಿ ಕಡೆಯಿಂದ ಐದನೆಯದು ದುಂದುಭಿಯೇ! ಅಂದರೆ ಶೇಷದ ವಿಷಯದಲ್ಲಿ ಪೈಥಾನ್ ನಮ್ಮ ಕೈ ಹಿಡಿಯದೆ ಇದ್ದಿದ್ದರೂ ಪಟ್ಟಿಯ ವಿಷಯದಲ್ಲಿ ಹಿಡಿಯುತ್ತಿತ್ತು. ಎರಡು ಕಡೆ ಹೀಗೆ ಕಾಪಾಡಲ್ಪಟ್ಟವನು ತನ್ನ ಸೂತ್ರವು ನಿರ್ದುಷ್ಟವಾದುದೆಂದು ನಂಬುವುದರಲ್ಲಿ ಆಶ್ಚರ್ಯವೇನು? ಸಿ ಭಾಷೆಯಲ್ಲಿ ಸ್ಥಾನಸಂಖ್ಯೆಯೆಂಬುದು ಪಟ್ಟಿಯ ಆದಿಯಿಂದ ಇರುವ ದೂರ ಮಾತ್ರ. ಮೊದಲ ಸ್ಥಾನಕ್ಕೆ ಸೊನ್ನೆಯ ಸಂಖ್ಯೆ ಬಂದಿರುವುದೂ ಈ ಕಾರಣದಿಂದಲೇ. ಋಣ ೫ ಎಂದರೆ ಪಟ್ಟಿ ಆರಂಭವಾಗುವುದಕ್ಕೆ ಐದು ಸ್ಥಾನ ಹಿಂದೆ ಎಂದರ್ಥ. ಅಲ್ಲಿ ಏನಿರುತ್ತದೆಯೆಂದು ಭಾಷೆಯ ನಿಯಮವು ಹೇಳುವುದಿಲ್ಲ. ಪ್ರೋಗ್ರಾಮು ಅಲ್ಲಿಯೇ ನಿಂತುಹೋಗಬಹುದು. ಅರ್ಥವಿಲ್ಲದ ಅಕ್ಷರಗಳನ್ನು ಉಗುಳಬಹುದು. ಮಾಸಗಳ ಪಟ್ಟಿಯು ಮೆಮೊರಿಯಲ್ಲಿ ಪಕ್ಕದಲ್ಲಿಯೇ ಇದ್ದ ಪಕ್ಷದಲ್ಲಿ ಪಂಪನು ಹುಟ್ಟಿದ ಸಂವತ್ಸರದ ಹೆಸರು ಕಾರ್ತಿಕವೆಂದು ತಿಳಿಸಿದರೂ ತಿಳಿಸಬಹುದು.

ಶಕ ೧೯೦೯ರಿಂದ ಈಚಿನ ವರ್ಷಗಳಿಗೆ ಈ ತೊಡಕು ತಲೆದೋರುವುದೇ ಇಲ್ಲವೆಂಬುದು ಇಲ್ಲಿ ಮುಖ್ಯವಾದ ಅಂಶ. ಪ್ರೋಗ್ರಾಮನ್ನು ಬರೆದವನು ತನ್ನ ಹುಟ್ಟಿದ ವರ್ಷವನ್ನೋ ಕಳೆದ ವರ್ಷವನ್ನೋ ಕೊಟ್ಟು ನೋಡಿ ತೃಪ್ತನಾಗುತ್ತಾನೆ. ಚರಿತ್ರೆಗೆ ಬೇಕಾದ ವರ್ಷಗಳೆಲ್ಲವೂ ಬಹುಮಟ್ಟಿಗೆ ಋಣಸಂಖ್ಯೆಯ ಕಡೆಗಿವೆ. ಕ್ರಿ. ಶ. ೯೪೯ರ ರನ್ನನ ಸೌಮ್ಯ ಸಂವತ್ಸರಕ್ಕೆ ಸಿ ಭಾಷೆಯು ಋಣ ೧೮ನ್ನು ಕೊಡುತ್ತದೆ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದೇವಾಲಯವು ನಿರ್ಮಾಣವಾದ ೧೧೯೬ಕ್ಕೆ, ಅಂದರೆ ಶಕ ೧೧೧೮ಕ್ಕೆ, ನಲ ಸಂವತ್ಸರದ ಬದಲು ಋಣ ೧೧ ಬರುತ್ತದೆ. ಸಿ ಭಾಷೆಯನ್ನು ಕಲಿಯುವ ಶಾಸನಾಭ್ಯಾಸಿಗೆ ಪಂಪ, ರನ್ನ, ಅಮೃತಾಪುರ ಈ ಮೂರನ್ನೂ ಪರೀಕ್ಷೆಗೆ ಇಟ್ಟುಕೊಳ್ಳುವಂತೆ ನಾವು ಸೂಚಿಸುತ್ತೇವೆ.

ಪರಿಹಾರವು ಹಳೆಯ ಪಂಚಾಂಗದವರ ರೂಢಿಯಲ್ಲಿಯೇ ಇದೆ. ಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಬೇಕು. ಪ್ರಭವವನ್ನು ಒಂದು ಎಂದು ಹಿಡಿದರೆ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅರುವತ್ತನೆಯದು. ಪಂಪನ ೮೨೪ಕ್ಕೆ ೧೨ ಕೂಡಿದರೆ ೮೩೬, ಶೇಷ ೫೬, ದುಂದುಭಿ. ಸೊನ್ನೆಯಿಂದ ಎಣಿಸುವ ಯಂತ್ರಕ್ಕೆ ೧೧ನ್ನು ಕೂಡಿಸಿದರೆ ಸಾಕು. ಕಳೆಯುವ ಕ್ರಮವನ್ನು ಬಿಟ್ಟು ಕೂಡಿಸುವ ಕ್ರಮವನ್ನು ಆಯ್ದುಕೊಂಡ ನಮ್ಮ ಗಣಕರು ಋಣಸಂಖ್ಯೆಯ ಸಹವಾಸವನ್ನೇ ತಪ್ಪಿಸಿಕೊಂಡಿದ್ದರು. (ಹತ್ತನೆಯ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಸೂತ್ರವನ್ನು ಯಾಂತ್ರಿಕವಾಗಿ ಹಚ್ಚಕೂಡದು, ಆಗ ದಕ್ಷಿಣದಲ್ಲಿಯೂ ಗುರುಗ್ರಹದ ಗತಿಯನ್ನು ಅನುಸರಿಸಿ ನಡುವೆ ಒಂದೊಂದು ಸಂವತ್ಸರವನ್ನು ಲೋಪ ಮಾಡುವ ಪದ್ಧತಿಯಿತ್ತು. ಇದು ಯಾವ ಭಾಷೆಯ ದೋಷವೂ ಅಲ್ಲ.)

ಸಂಖ್ಯೆಯ ಗಾತ್ರದ ವಿಚಾರವೂ ಇದೇ ಬಗೆಯದು. ಪೈಥಾನಿನಲ್ಲಿ ಪೂರ್ಣಾಂಕವು ಎಷ್ಟು ಬೇಕಾದರೂ ಬೆಳೆಯಬಲ್ಲದು. ಸಿ ಭಾಷೆಯಲ್ಲಿ ಪ್ರತಿಯೊಂದು ಸಂಖ್ಯೆಗೂ ಇಷ್ಟೇ ಸ್ಥಳವೆಂದು ಮೊದಲೇ ಗೊತ್ತುಪಡಿಸಬೇಕು. ಈಗಿನ ಯಂತ್ರಗಳಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ದೊರೆಯುವುದು ೩೨ ಬಿಟ್‌ಗಳು; ಅದರಲ್ಲಿ ಹಿಡಿಯುವ ಪರಮಾವಧಿ ಸಂಖ್ಯೆ ೨೧೪,೭೪,೮೩,೬೪೭. ಸೂರ್ಯಸಿದ್ಧಾಂತದ ಮೇರೆಗೆ ೪೩,೨೦,೦೦೦ ವರ್ಷಗಳ ಒಂದು ಮಹಾಯುಗದಲ್ಲಿ ೧೫೭,೭೯,೧೭,೮೨೮ ಸಾವನ ದಿನಗಳಿವೆ. ಈ ಸಂಖ್ಯೆ ಆ ಮಿತಿಯೊಳಗೇನೋ ಹಿಡಿಯುತ್ತದೆ, ಆದರೆ ಎರಡರಿಂದ ಗುಣಿಸಿದರೂ ಹೊರಕ್ಕೆ ಚೆಲ್ಲುತ್ತದೆ. ಶಕ ೮೨೪ಕ್ಕೆ ೩೧೭೯ನ್ನು ಕೂಡಿಸಿದಾಗ ಬರುವ ಗತಕಲಿ ೪೦೦೩. ಕಲಿಯ ಆದಿಯಿಂದ ಕಳೆದ ದಿನಗಳನ್ನು ತಿಳಿಯಬೇಕಾದರೆ, ೪೦೦೩ರಿಂದ ಮಹಾಯುಗದ ದಿನಗಳನ್ನು ಗುಣಿಸಿ ಮಹಾಯುಗದ ವರ್ಷಗಳಿಂದ ಭಾಗಿಸಬೇಕು. ಕಡೆಯ ಫಲ ಸುಮಾರು ೧೪,೬೨,೧೩೦ ದಿನ, ಸಣ್ಣ ಸಂಖ್ಯೆ. ನಡುವಿನ ಗುಣಲಬ್ಧವು ಮಾತ್ರ ಆರು ಲಕ್ಷ ಕೋಟಿಯನ್ನು ಮೀರುತ್ತದೆ. ಮೊದಲೂ ಕೊನೆಯೂ ಸಣ್ಣವಾಗಿದ್ದು ನಡುವಿನ ಹೆಜ್ಜೆ ದೊಡ್ಡದಾಗುವ ಇಂತಹ ಗಣಿತದಲ್ಲಿ, ಸಿ ಭಾಷೆಯು ಯಾವ ಎಚ್ಚರಿಕೆಯನ್ನೂ ಕೊಡದೆ ಹುಸಿಯಾದ ದಿನಸಂಖ್ಯೆಯನ್ನು ಕೊಡಬಲ್ಲದು. ೬೪ ಬಿಟ್‌ಗಳ ಪೂರ್ಣಾಂಕವನ್ನು ಆಯ್ದುಕೊಂಡರೆ ತೊಂದರೆಯಿಲ್ಲ. ಆದರೆ ಆಯ್ದುಕೊಳ್ಳಬೇಕಾದವರು ನಾವು.

ಕನ್ನಡದ ವಿದ್ಯಾರ್ಥಿಗೆ ಇವೆರಡಕ್ಕಿಂತಲೂ ಹತ್ತಿರದ ವಿಷಯ ಅಕ್ಷರಗಳದು. ಶಿವನಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಅಕ್ಷರಗಳೆಷ್ಟು? ಬಾಲಬೋಧೆಯನ್ನು ಓದುವ ಮಗುವೂ ಮೂರೆಂದು ಹೇಳುತ್ತದೆ. ಪೈಥಾನ್ ಐದೆನ್ನುತ್ತದೆ. ಸಿ ಭಾಷೆಯು ಹದಿನೈದೆನ್ನುತ್ತದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೂ ಒಂದು ವಿಭಾಗವಿದೆ. ಅದರಲ್ಲಿ ವ್ಯಂಜನಕ್ಕೊಂದು, ಗುಣಿತಚಿಹ್ನೆಗೊಂದು ಬೇರೆ ಬೇರೆ ಸಂಕೇತಗಳು. ಆದುದರಿಂದ ಶ, ಗುಡಿಸು, ವ, ನ, ಗುಡಿಸು ಎಂದು ಐದಾದುವು. ಈ ಐದನ್ನು ಕಡತದಲ್ಲಿ ಬರೆದಿಡುವಾಗ ಬಳಸುವ ಕ್ರಮಕ್ಕೆ ಯುಟಿಎಫ್-೮ ಎಂದು ಹೆಸರು. ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ಇದನ್ನು ಕಲ್ಪಿಸಿದರು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಶಕಾರವು ೨೨೪, ೧೭೮, ೧೮೨ ಎಂಬ ಮೂರು ಸಂಖ್ಯೆಗಳು. ಗುಡಿಸು ೨೨೪, ೧೭೮, ೧೯೧. ಹೀಗೆ ಐದು ಮೂರಲ ಹದಿನೈದು. ಪದವು ಮುಗಿಯಿತೆಂದು ತಿಳಿಸಲು ಸಿ ಭಾಷೆಯು ಕೊನೆಯಲ್ಲಿ ಒಂದು ಸೊನ್ನೆಯನ್ನು ನಿರೀಕ್ಷಿಸುವುದರಿಂದ ಶಿವನಿಗೆ ಹದಿನಾರು ಬೈಟ್‌ಗಳ ಸ್ಥಳವನ್ನು ಮೀಸಲಿಡಬೇಕು.

ಇಂಗ್ಲಿಷ್ ಪಾಠಪುಸ್ತಕಗಳನ್ನು ಅನುಸರಿಸಿ ಊರಿನ ಹೆಸರಿಗೆ ಹತ್ತು ಸ್ಥಾನ ಸಾಕೆಂದು ಗೊತ್ತುಮಾಡಿದರೆ ಏನಾಗುವುದು? ಹತ್ತೇ ಬೈಟ್‌ಗಳನ್ನು ನಕಲುಮಾಡಿಕೊಂಡ ಪಕ್ಷದಲ್ಲಿ ‘ಶಿವ’ ಎಂಬಲ್ಲಿಗೆ ಒಂಬತ್ತು ಮುಗಿದು, ನಕಾರದ ಮೂರರಲ್ಲಿ ಒಂದು ಬೈಟ್ ಮಾತ್ರ ಒಳಕ್ಕೆ ಬರುತ್ತದೆ. ೨೨೪ ಎಂಬ ಆ ಒಂಟಿ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಕನ್ನಡದ ಎಲ್ಲ ಸಂಕೇತಗಳೂ ಆರಂಭವಾಗುವುದು ಅದರಿಂದಲೇ. ಮಿತಿಯಿಲ್ಲದೆ ನಕಲುಮಾಡಿದರೆ ಮಿಕ್ಕ ಬೈಟ್‌ಗಳು ನೆರೆಯ ಅಂಕಣದ ಮೇಲೆ ಕುಳಿತು, ಅಲ್ಲಿದ್ದ ಶಕವರ್ಷವನ್ನು ಅಳಿಸಿಬಿಡಬಹುದು. ಪೈಥಾನ್ ಇದಾವುದಕ್ಕೂ ಆಸ್ಪದ ಕೊಡುವುದಿಲ್ಲವೆಂಬುದು ನಿಜ. ಆದರೂ ಪೈಥಾನಿನಲ್ಲಿ ‘ಶಿವನಿ’ಯ ಮೊದಲ ಮೂರನ್ನು ಕೊಡು ಎಂದರೆ ‘ಶಿವ’ ಬರುತ್ತದೆ, ಮೊದಲ ನಾಲ್ಕೆಂದರೆ ‘ಶಿವನ’ ಬರುತ್ತದೆ. ಗುಡಿಸು ಕಳೆದುಹೋದರೂ ಓದುಗನ ಕಣ್ಣಿಗೆ ಅದು ಸುಸಂಬದ್ಧವಾದ ಶಬ್ದವಾಗಿಯೇ ತೋರುತ್ತದೆ. ಮುರಿದ ಬೈಟಿಗಿಂತ ಈ ದೋಷವನ್ನು ಕಂಡುಹಿಡಿಯುವುದು ಕಷ್ಟ.

ತರೀಕೆರೆಯೆಂಬ ಹೆಸರು ಇನ್ನೂ ವಿಚಿತ್ರವಾದುದು. ‘ರೀ’ ಎಂಬಲ್ಲಿರುವ ದೀರ್ಘವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೆ ಗುಡಿಸು ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿ. ಮೊದಲ ಬಗೆಯಲ್ಲಿ ತರೀಕೆರೆ ೨೧ ಬೈಟ್, ಎರಡನೆಯದರಲ್ಲಿ ೨೪. ತೆರೆಯ ಮೇಲೆ ಎರಡಕ್ಕೂ ಭೇದ ಕಾಣಿಸದು. ಯಂತ್ರಕ್ಕೆ ಅವು ಎರಡು ಬೇರೆ ಊರುಗಳು. ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಸಾಧನಗಳಿಂದ ಬೆರಳಚ್ಚು ಮಾಡಿದ ಸೂಚಿಗಳನ್ನು ಕೂಡಿಸಿದಾಗ ಒಂದೇ ಊರು ಎರಡೆಡೆ ಬರುವುದಕ್ಕೆ ಇದೊಂದು ಕಾರಣ. ಪೈಥಾನಿನಲ್ಲಿಯೂ ಈ ತೊಡಕು ಉಂಟು. ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಉಪಕರಣವೂ ಅದರಲ್ಲಿಯೇ ಉಂಟು. ಆದರೆ ಬೈಟ್‌ಗಳನ್ನು ಒಂದೊಂದಾಗಿ ಮುದ್ರಿಸಿ ನೋಡುವ ಅಭ್ಯಾಸವಿಲ್ಲದವನಿಗೆ ಆ ಉಪಕರಣವು ಏಕೆ ಬೇಕೆಂಬುದೇ ತಿಳಿಯುವುದಿಲ್ಲ.

ಹಳೆಯ ಕಡತಗಳಲ್ಲಿ ಈ ಅಭ್ಯಾಸಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಯೂನಿಕೋಡ್ ನಮ್ಮಲ್ಲಿ ರೂಢಿಗೆ ಬರುವ ಮೊದಲು ಅನೇಕ ಪ್ರಬಂಧಗಳೂ ಶಾಸನಪಾಠಗಳೂ ‘ನುಡಿ’ಯಂತಹ ತಂತ್ರಾಂಶಗಳಲ್ಲಿ ಬೆರಳಚ್ಚಾದುವು. ಆ ಪದ್ಧತಿಯಲ್ಲಿ ಅಕ್ಷರದ ಆಕಾರದ ತುಂಡುಗಳಿಗೆ ಒಂದೊಂದು ಬೈಟ್. ‘ಶಿ’ ಒಂದು, ‘ವ’ ಎರಡು, ‘ನಿ’ ಒಂದು. ಒಟ್ಟಿನಲ್ಲಿ ಶಿವನಿಯು ೧೭೮, ೧೭೦, ೧೯೨, ೧೬೪ ಎಂಬ ನಾಲ್ಕೇ ಸಂಖ್ಯೆಗಳು. ೧೭೮ ಎಂಬುದು ಇಲ್ಲಿ ‘ಶಿ’ಯನ್ನು ಸೂಚಿಸಿದರೆ, ಯುಟಿಎಫ್-೮ರಲ್ಲಿ ನಡುವೆ ಬರುವ, ತಾನಾಗಿ ಅರ್ಥವಿಲ್ಲದ ಭಾಗ. ಒಂದೇ ಲಿಪಿಚಿಹ್ನೆಯು ಎರಡು ಕಾಲಗಳಲ್ಲಿ ಎರಡು ಅಕ್ಷರಗಳಾಗಿ ಓದಿಸಿಕೊಳ್ಳುವುದು ಲಿಪಿಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಕಡತವು ಯಾವ ಕಾಲದ್ದು, ಯಾವ ಪದ್ಧತಿಯದು ಎಂದು ನಿರ್ಣಯಿಸಿದ ಮೇಲೆಯೇ ಅದನ್ನು ಓದತಕ್ಕದ್ದು.

ಪಾಯಿಂಟರ್ ಎಂಬ ಪ್ರಕರಣಕ್ಕೆ ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಂಜುತ್ತಾರೆ. ಪಾಯಿಂಟರ್ ಎಂದರೆ ವಸ್ತುವಲ್ಲ, ಅದು ಇರುವ ಸ್ಥಳದ ವಿಳಾಸ. ಚರಿತ್ರೆಯವರಿಗೆ ಇದು ಹೊಸದಾಗಬೇಕಾಗಿಲ್ಲ. ‘ಎ. ಕ., ಆರನೆಯ ಸಂಪುಟ, ತರೀಕೆರೆ ಇಂತಿಷ್ಟನೆಯ ಸಂಖ್ಯೆ’ ಎಂದು ನಾವು ಅಡಿಟಿಪ್ಪಣಿಯಲ್ಲಿ ಬರೆಯುವುದು ಪಾಯಿಂಟರೇ ಸರಿ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆಗಳು ಬದಲಾದುದರಿಂದ, ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಕೊಟ್ಟ ಟಿಪ್ಪಣಿಯು ಬೇರೊಂದು ಶಾಸನಕ್ಕೆ ಕರೆದೊಯ್ಯುತ್ತದೆ. ಸಿ ಭಾಷೆಯಲ್ಲಿ ಪಡೆದ ಮೆಮೊರಿಯನ್ನು ಹಿಂದಿರುಗಿಸಿದ ಬಳಿಕವೂ ಹಳೆಯ ವಿಳಾಸವನ್ನು ಉಪಯೋಗಿಸುವವನ ಸ್ಥಿತಿ ಇದೇ: ವಿಳಾಸವಿದೆ, ಅಲ್ಲಿ ಏನೋ ಒಂದು ಇದೆ, ತಾನು ಇಟ್ಟುದು ಮಾತ್ರ ಇಲ್ಲ. ಪೈಥಾನಿನಲ್ಲಿ ಯಾರೂ ಬಳಸದ ವಸ್ತುವನ್ನು ಭಾಷೆಯೇ ತೆಗೆದುಹಾಕುವುದರಿಂದ ಈ ಅವಸ್ಥೆ ಒದಗುವುದಿಲ್ಲ.

೨೦೧೫ರಲ್ಲಿ ಮೊದಲ ಸ್ಥಿರ ರೂಪವನ್ನು ಪಡೆದ ರಸ್ಟ್ ಎಂಬ ಭಾಷೆಯು ಯಂತ್ರಕ್ಕೆ ಸಮೀಪವಾಗಿಯೇ ಇದ್ದು, ಇಂತಹ ದೋಷಗಳಲ್ಲಿ ಹಲವನ್ನು ಕಂಪೈಲರಿನ ಹಂತದಲ್ಲಿಯೇ ತಡೆಯುತ್ತದೆ. ಮಿಕ್ಕ ಕೆಲವು ಸಂದರ್ಭಗಳಲ್ಲಿ, ಸಂಕೇತವೊಂದನ್ನು ನಡುವೆ ಕತ್ತರಿಸಹೊರಟಾಗ ಮಾಡುವಂತೆ, ಪ್ರೋಗ್ರಾಮನ್ನು ನಿಲ್ಲಿಸಿ ದೋಷವನ್ನು ತಿಳಿಸುತ್ತದೆ. ದೊಡ್ಡ ಕೆಲಸಗಳನ್ನು ಕೈಗೊಳ್ಳುವವರು ಅದನ್ನು ಆಶ್ರಯಿಸುವುದು ಯುಕ್ತ. ಆದರೆ ಕಲಿಕೆಯ ದೃಷ್ಟಿಯಿಂದ ನಾವು ಸಿ ಭಾಷೆಯನ್ನೇ ಮೊದಲಿಗೆ ಹೇಳುತ್ತೇವೆ. ಅದು ಚಿಕ್ಕದು, ಕರ್ನಿಗನ್ ಮತ್ತು ರಿಚಿ ೧೯೭೮ರಲ್ಲಿ ಬರೆದ ಗ್ರಂಥವೂ ತೆಳುವಾದ ಪುಸ್ತಕವೇ. ಪೈಥಾನ್ ಬಲ್ಲವರಿಗೆ ಎರಡು ತಿಂಗಳ ಸಂಜೆಗಳಲ್ಲಿ ಅದರ ಮುಖ್ಯಾಂಶಗಳು ವಶವಾಗುತ್ತವೆ.

ಕಲಿಯುವ ಕ್ರಮದ ಬಗ್ಗೆ ಎರಡು ಮಾತು. ಪೈಥಾನಿನಲ್ಲಿ ಈಗಾಗಲೇ ನಡೆಯುತ್ತಿರುವ ಚಿಕ್ಕ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದು, ಎರಡಕ್ಕೂ ಒಂದೇ ಸಾಮಗ್ರಿಯನ್ನು ಕೊಟ್ಟು, ಉತ್ತರಗಳು ಎಲ್ಲಿ ಬೇರೆಯಾಗುತ್ತವೆಯೆಂದು ನೋಡುವುದು ಪಾಠಪುಸ್ತಕದ ಅಭ್ಯಾಸಗಳಿಗಿಂತ ಹೆಚ್ಚು ಫಲಕಾರಿ. ಕಂಪೈಲರಿನ ಎಲ್ಲ ಎಚ್ಚರಿಕೆಗಳನ್ನೂ ಹೇಳಿಸುವ ಸೂಚನೆಯನ್ನು ಮೊದಲ ದಿನದಿಂದಲೇ ಕೊಡಬೇಕು. ಪಟ್ಟಿಯ ಎಲ್ಲೆಯನ್ನು ಮೀರಿದೊಡನೆ ಪ್ರೋಗ್ರಾಮನ್ನು ನಿಲ್ಲಿಸಿ ವರದಿಮಾಡುವ ಪರೀಕ್ಷಕವೊಂದು ಈಗಿನ ಪ್ರಮುಖ ಕಂಪೈಲರುಗಳಲ್ಲಿ ಅಡಕವಾಗಿದೆ. ಅದನ್ನೂ ಜೊತೆಗೆ ಚಾಲನೆ ಮಾಡಿದರೆ ಪಂಪನ ಸಂವತ್ಸರವು ಕಾರ್ತಿಕವಾಗುವ ಸಂಭವ ಬಹುಮಟ್ಟಿಗೆ ತಪ್ಪುತ್ತದೆ.

ಶಿವನಿಯ ಸೂಚಿಯು ಕಡೆಗೂ ಪೈಥಾನಿನಲ್ಲಿಯೇ ನಡೆಯುತ್ತಿದೆ. ಅದನ್ನು ಸಿ ಭಾಷೆಗೆ ವರ್ಗಾಯಿಸುವ ವಿಚಾರ ನಮಗಿಲ್ಲ. ಆದರೆ ಅದರ ಸಂವತ್ಸರಸೂತ್ರವು ಈಗ ೧೧ನ್ನು ಕೂಡಿಸುವ ಸೂತ್ರ; ಊರಿನ ಹೆಸರುಗಳು ಸೂಚಿಗೆ ಸೇರುವ ಮುನ್ನ ಒಂದೇ ಸಂಕೇತರೂಪಕ್ಕೆ ಬರುತ್ತವೆ; ಅಂಕಣದ ಉದ್ದವನ್ನು ಅಕ್ಷರಗಳಲ್ಲಿ ಹೇಳುವುದನ್ನು ಬಿಟ್ಟು ಬೈಟ್‌ಗಳಲ್ಲಿ ಹೇಳುತ್ತಿದ್ದೇವೆ; ಪ್ರತಿಯೊಂದು ಶಾಸನಸಂಖ್ಯೆಯ ಪಕ್ಕದಲ್ಲಿಯೂ ಆವೃತ್ತಿಯ ವರ್ಷವನ್ನು ನಮೂದಿಸಲಾಗುತ್ತಿದೆ.